ಸಾರಥಿಯ ವಯಸ್ಸು

ಕುಮಾರವ್ಯಾಸನ ವಿರಾಟಪರ್ವವನ್ನು ಪಾಠ ಹೇಳುವ ದಿನಗಳಲ್ಲಿ ನನ್ನ ತರಗತಿಗೆ ಹಾಜರಿ ಕೊಂಚ ಹೆಚ್ಚು. ಉತ್ತರಕುಮಾರನೆಂದರೆ ಹುಡುಗರಿಗೆ ಅದೇನೋ ಬಂಧುಭಾವ. ಹೆಂಗಳೆಯರ ಮುಂದೆ ಆತ ಕೊಚ್ಚಿಕೊಳ್ಳುವುದು, ತಕ್ಕ ಸಾರಥಿಯಿಲ್ಲದೆ ತನ್ನ ಪರಾಕ್ರಮವೆಲ್ಲ ವ್ಯರ್ಥವಾಯಿತೆಂದು ಹಲುಬುವುದು, ಬೃಹನ್ನಳೆ ರಥ ಹೊಡೆದುಕೊಂಡು ಹೋಗಿ ಕೌರವಸೇನೆಯ ಎದುರಿಗೆ ನಿಲ್ಲಿಸಿದ ಮೇಲೆ ರಥದಿಂದ ಧುಮುಕಿ ಓಡುವುದು — ಇವನ್ನೆಲ್ಲ ಅವರು ತಮ್ಮ ಓಣಿಯ ಗೆಳೆಯನೊಬ್ಬನ ಕಥೆಯಂತೆ ಕೇಳುತ್ತಾರೆ. ಆಮೇಲೆ ಅರ್ಜುನನು ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ಅದೇ ರಥದ ಹಗ್ಗವನ್ನು ಅವನ ಕೈಗೆ ಕೊಟ್ಟು, ತಾನು ಬೆನ್ನಹಿಂದೆ ನಿಲ್ಲುತ್ತಾನಷ್ಟೆ. ಎರಡು ವರ್ಷದ ಹಿಂದೆ ಈ ಭಾಗವನ್ನು ಹೇಳುತ್ತಿರುವಾಗ ಒಬ್ಬ ಹುಡುಗ ಎದ್ದುನಿಂತು, "ಉತ್ತರನಿಗೆ ವಯಸ್ಸೆಷ್ಟು ಸಾರ್?" ಎಂದು ಕೇಳಿದ. ನಿಮ್ಮಷ್ಟೇ ಇದ್ದೀತೆಂದೆ. "ಹಾಗಾದರೆ ಅವನಿಗೂ ಲೈಸೆನ್ಸಿರಲಿಲ್ಲ" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಅದಾದ ಎರಡು ತಿಂಗಳಿಗೆ ಅದೇ ತರಗತಿಯಲ್ಲಿ ಒಂದು ಸ್ಥಳ ಖಾಲಿಯಾಯಿತು. ಆ ಮಾತನಾಡಿದ ಹುಡುಗನದಲ್ಲ; ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ, ಹೆಚ್ಚು ಬಾಯಿಬಿಡದ ಇನ್ನೊಬ್ಬನದು. ರಾತ್ರಿ ಹತ್ತೂವರೆಯ ಮೇಲೆ, ಒಂದೇ ಸ್ಕೂಟರಿನ ಮೇಲೆ ಮೂವರು, ಮನೆಗೆ ಹಿಂದಿರುಗುವ ದಾರಿ. ಓಡಿಸುತ್ತಿದ್ದವನು ಅವನೇ. ವಯಸ್ಸು ಹದಿನೇಳು. ಮಾರನೆಯ ಸೋಮವಾರ ಹಾಜರಿ ಕೂಗುವಾಗ ನಾನು ಅಭ್ಯಾಸಬಲದಿಂದ ಅವನ ಸಂಖ್ಯೆಯನ್ನೂ ಕೂಗಿಬಿಟ್ಟೆ. ಅಂದು ಮನೆಗೆ ಬಂದ ಮೇಲೆ, ವಾಹನ ಹೊಡೆಯುವವನ ವಯಸ್ಸಿನ ಬಗೆಗೆ ನಮ್ಮ ಹಿಂದಿನವರು ಏನೇನು ಯೋಚಿಸಿದ್ದರೆಂದು ತಿಳಿಯಬೇಕೆಂಬ ಹಟವೊಂದು ನನ್ನಲ್ಲಿ ಹುಟ್ಟಿತು. ಅದು ನನ್ನ ವಿಷಯವಲ್ಲ, ನಿಜ. ಆದರೆ ಹಳೆಯ ಪುಸ್ತಕಗಳನ್ನು ಮಗುಚುವುದು ನನ್ನ ಕಸುಬು.

ಮೊದಲು ಸಿಕ್ಕಿದ್ದು ನಮ್ಮ ಮೈಸೂರಿನ ಮೂಲಕವೇ ಲೋಕಕ್ಕೆ ಮರಳಿ ದೊರೆತ ಗ್ರಂಥದಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಯ ಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ರುದ್ರಪಟ್ಟಣ ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕಥೆಯನ್ನು ವಾಚಕರು ಬಲ್ಲರು. ಅದರ ನಾಲ್ಕನೆಯ ಅಧಿಕರಣದ ಕೊನೆಯಲ್ಲಿ ಗಾಡಿಗಳಿಂದಾಗುವ ಅಪಾಯದ ಮಾತು ಬರುತ್ತದೆ. ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಗಾಡಿ ಅಡ್ಡಕ್ಕೋ ಹಿಂದಕ್ಕೋ ಸರಿದು ಯಾರಿಗಾದರೂ ಪೆಟ್ಟಾದರೆ ಹೊಡೆಯುವವನಿಗೆ ದಂಡವಿಲ್ಲ. ಅದು ಅವನ ಕೈ ಮೀರಿದ್ದು. ಮನುಸ್ಮೃತಿಯೂ ಇಂಥದೇ ವಿನಾಯಿತಿಗಳನ್ನು ಎಣಿಸುತ್ತದೆ. 'ಸರಿಯಿರಿ' ಎಂದು ಕೂಗಿ ಎಚ್ಚರಿಸಿದವನಿಗೂ ಅಲ್ಲಿ ಬಿಡುಗಡೆಯುಂಟು. ಹಾರನ್ನು ಬಾರಿಸಿದರೆ ತೀರಿತೆಂಬ ನಮ್ಮ ನಂಬಿಕೆ ಎಷ್ಟು ಹಳೆಯದೆಂದು ಅಲ್ಲಿ ತಿಳಿಯುತ್ತದೆ!

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಕೌಟಿಲ್ಯನ ಮುಂದಿನ ಮಾತು. ಗಾಡಿ ಹೊಡೆಯುವವನು ಬಾಲಕನಾಗಿದ್ದರೆ ಒಳಗೆ ಕುಳಿತ ಒಡೆಯನನ್ನು ದಂಡಿಸಬೇಕು. ಒಡೆಯನಿಲ್ಲದಿದ್ದರೆ ಗಾಡಿಯಲ್ಲಿ ಕುಳಿತವನನ್ನು, ಇಲ್ಲವೆ ವ್ಯವಹಾರಪ್ರಾಪ್ತನಾದ ಹೊಡೆಯುವವನನ್ನು. ಬಾಲಕರ ಕೈಯಲ್ಲಿರುವ ಗಾಡಿಯನ್ನಂತೂ ರಾಜನು ವಶಪಡಿಸಿಕೊಳ್ಳತಕ್ಕದ್ದು. ಇಲ್ಲಿ ಹುಡುಗನ ಮೇಲೆ ಬೈಗಳಿಲ್ಲ, ಉಪದೇಶವಿಲ್ಲ. ಅವನಿಗೆ ಹಗ್ಗ ಕೊಟ್ಟವನು ಯಾರು ಎಂಬ ಒಂದೇ ಪ್ರಶ್ನೆ. ಎತ್ತಿನ ಗಾಡಿಯ ವೇಗದ ಕಾಲದಲ್ಲಿ ಬರೆದ ಮಾತಿದು ಎಂಬುದನ್ನು ನೆನೆದರೆ ಆಶ್ಚರ್ಯ ಇನ್ನಷ್ಟು ಹೆಚ್ಚುತ್ತದೆ.

ಮೋಟಾರು ಬಂದಾಗ ಜಗತ್ತು ಈ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳಬೇಕಾಯಿತು. ಮೊದಮೊದಲು ಕೇಳಿಕೊಳ್ಳಲೂ ಇಲ್ಲ. ಇಂಗ್ಲೆಂಡಿನ 1865ರ ಕಾಯಿದೆ ಉಗಿಯಂತ್ರದ ಗಾಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿಯ ಮಿತಿ ವಿಧಿಸಿ, ಗಾಡಿಯ ಮುಂದೆ ಕೆಂಪು ಬಾವುಟ ಹಿಡಿದ ಆಳೊಬ್ಬ ನಡೆಯಬೇಕೆಂದಿತು. ಯಂತ್ರದ ಬಗೆಗೆ ಅಷ್ಟು ಭಯವಿತ್ತು. ಅದನ್ನು ನಡೆಸುವವನು ಹಿರಿಯನೋ ಕಿರಿಯನೋ ಎಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. 1896ರಲ್ಲಿ ಹೊಸ ಕಾಯಿದೆ ವೇಗವನ್ನು ಹದಿನಾಲ್ಕು ಮೈಲಿಗೆ ಏರಿಸಿತು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ, ಮಗಳೊಡನೆ ನಡೆದುಹೋಗುತ್ತಿದ್ದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪ್ರದರ್ಶನದ ಮೋಟಾರೊಂದಕ್ಕೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಓಡಿಸುತ್ತಿದ್ದವನಿಗೆ ಆ ವಿದ್ಯೆ ಕೈಗೆ ಬಂದು ಮೂರು ವಾರವಾಗಿತ್ತಂತೆ. ಇಂಥದು ಮತ್ತೆಂದೂ ನಡೆಯದಿರಲೆಂದು ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದ.

ಆ ಹಾರೈಕೆ ಏನಾಯಿತೆಂಬುದು ತಿಳಿದೇ ಇದೆ. 1903ರ ಮೋಟಾರು ಕಾಯಿದೆಯೊಡನೆ ವಯಸ್ಸು ಇಂಗ್ಲೆಂಡಿನ ಶಾಸನವನ್ನು ಪ್ರವೇಶಿಸಿತು: ಕಾರಿಗೆ ಹದಿನೇಳು, ಮೋಟಾರ್ ಸೈಕಲ್ಲಿಗೆ ಹದಿನಾಲ್ಕು. ಹದಿನಾಲ್ಕರ ಹುಡುಗ ಎರಡು ಗಾಲಿಯ ಮೇಲೆ ಹೋಗಬಹುದು, ನಾಲ್ಕು ಗಾಲಿಯ ಮೇಲೆ ಕೂಡದು! ಬೀಳುವುದಕ್ಕೆ ಯಾವುದು ಸುಲಭವೆಂದು ಶಾಸನಕರ್ತರು ಯೋಚಿಸಿದಂತೆ ಕಾಣುವುದಿಲ್ಲ. ಪರೀಕ್ಷೆಯಂತೂ ಇರಲೇ ಇಲ್ಲ. ಐದು ಷಿಲಿಂಗ್ ಕೊಟ್ಟರೆ ಲೈಸೆನ್ಸು, ಕುರುಡನೂ ಪಡೆಯಬಹುದಾಗಿತ್ತು. ಮೂವತ್ತು ವರ್ಷ ಹೀಗೆಯೇ ನಡೆದು, 1934ರ ಒಂದೇ ವರ್ಷದಲ್ಲಿ 7,343 ಜನ ರಸ್ತೆಯ ಮೇಲೆ ಸತ್ತರು. ಆಗ ಅಲ್ಲಿದ್ದ ವಾಹನಗಳು ಸುಮಾರು ಇಪ್ಪತ್ತನಾಲ್ಕು ಲಕ್ಷ. 1935ರಲ್ಲಿ ಹೊಸಬರಿಗೆಲ್ಲ ಪರೀಕ್ಷೆ ಕಡ್ಡಾಯವಾಯಿತು. ಈಚೆಗೆ ಅಲ್ಲಿ ವಾಹನಗಳು ನಾಲ್ಕು ಕೋಟಿಯನ್ನು ದಾಟಿವೆ. ವರ್ಷಕ್ಕೆ ಸಾಯುವವರು 1,700ರ ಆಸುಪಾಸು. ಬರಿಯ ಪರೀಕ್ಷೆಯಿಂದ ಇಷ್ಟಾಯಿತೆಂದು ನಾನು ಹೇಳುವುದಿಲ್ಲ. ರಸ್ತೆ, ಬ್ರೇಕು, ಆಸ್ಪತ್ರೆ, ಸೊಂಟದ ಪಟ್ಟಿ, ಕುಡಿತದ ಮೇಲಿನ ಕಟ್ಟುನಿಟ್ಟು ಎಲ್ಲಕ್ಕೂ ಪಾಲುಂಟು. ಆದರೆ ಹಣೆಬರಹವೆಂದು ಕೈಕಟ್ಟಿ ಕುಳಿತಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ನಮ್ಮಲ್ಲಿ ಬ್ರಿಟಿಷ್ ಇಂಡಿಯಾದ 1914ರ ಮೋಟಾರು ಕಾಯಿದೆ ಹದಿನೆಂಟರೊಳಗಿನವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ನಡೆಸಕೂಡದೆಂದಿತು. 1939ರ ಕಾಯಿದೆ ಅದನ್ನೇ ಉಳಿಸಿಕೊಂಡಿತು. 1989ರ ಜುಲೈಯಲ್ಲಿ ಜಾರಿಗೆ ಬಂದ 1988ರ ಕಾಯಿದೆಯೂ ಹದಿನೆಂಟನ್ನು ಮುಟ್ಟಲಿಲ್ಲ; ಬಾಡಿಗೆಯ ಮತ್ತು ಸರಕಿನ ವಾಹನಗಳಿಗೆ ಇಪ್ಪತ್ತೆಂದಿತು, ಐವತ್ತು ಸಿ.ಸಿ. ಮೀರದ ಸಣ್ಣ ಬಂಡಿಗೆ ಹದಿನಾರೆಂದಿತು. ಈ ಕೊನೆಯ ರಿಯಾಯಿತಿ ಲೂನಾದಂಥ ಬಂಡಿಗಳ ಕಾಲಕ್ಕೆ ಒಪ್ಪುವಂಥದು. ಈಗ ಕಾಲೇಜಿನ ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುವ ಸ್ಕೂಟರುಗಳು ನೂರು ಸಿ.ಸಿ.ಯನ್ನು ಮೀರಿದವು. ಆದರೂ ಎಷ್ಟೋ ಮನೆಗಳಲ್ಲಿ "ಗೇರಿಲ್ಲದ ಗಾಡಿಗೆ ಹದಿನಾರಾದರೆ ಸಾಕು" ಎಂಬ ಅರ್ಧ ಕಾನೂನು ಇನ್ನೂ ಚಲಾವಣೆಯಲ್ಲಿದೆ. ಗೇರಿಗೂ ವಯಸ್ಸಿಗೂ ಸಂಬಂಧವಿಲ್ಲ; ಸಂಬಂಧವಿರುವುದು ಎಂಜಿನ್ನಿನ ಗಾತ್ರಕ್ಕೆ.

ಹೀಗಿರಲಾಗಿ 2019ರ ತಿದ್ದುಪಡಿ ಬಂತು. ಹದಿನೆಂಟು ತುಂಬದವನು ವಾಹನ ನಡೆಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಅವನ ಪೋಷಕರು ಅಥವಾ ವಾಹನದ ಒಡೆಯರು ಎಂದು ಕಾನೂನು ಮೊದಲೇ ಭಾವಿಸಿಕೊಳ್ಳುತ್ತದೆ; ತಮಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಅವರೇ ಸಾಧಿಸಬೇಕು. ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಇದನ್ನು ಓದಿದಾಗ ನಾನು ಶಾಮಶಾಸ್ತ್ರಿಗಳ ಪುಸ್ತಕವನ್ನು ಮತ್ತೊಮ್ಮೆ ತೆರೆದೆ. ಒಡೆಯನಿಗೆ ದಂಡ, ಗಾಡಿಯ ಮುಟ್ಟುಗೋಲು — ಎರಡೂ ಅಲ್ಲಿವೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಭಾರಿ ಬೆಲೆಯ ಕಾರೊಂದು ಇಬ್ಬರು ತರುಣ ಎಂಜಿನಿಯರುಗಳನ್ನು ಕೊಂದಾಗ, ಓಡಿಸುತ್ತಿದ್ದನೆಂದು ಆಪಾದನೆ ಹೊತ್ತ ಹದಿನೇಳರ ಹುಡುಗನಿಗೆ ಜಾಮೀನಿನ ಷರತ್ತಾಗಿ ಮುನ್ನೂರು ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶವನ್ನೆಲ್ಲ ಕೆರಳಿಸಿತು. ಪ್ರಬಂಧ ಬರೆಸುವುದೇ ಜೀವನವಾದ ನನಗೆ ಅದರಿಂದ ಆದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ಶಾಸನ ಹಾಗಿರಲಿ. ಅದು ಹದಿನೆಂಟೆಂದು ಗೆರೆ ಎಳೆಯುತ್ತದೆ. ಅಪಾಯ ಆ ಗೆರೆಯನ್ನು ಲೆಕ್ಕಿಸುತ್ತದೆಯೆ? ಇದನ್ನು ವಿದ್ವಾಂಸರು ಸರಿಯಾಗಿ ಕೇಳಲು ಬಹಳ ಕಾಲ ಹಿಡಿಯಿತು. ಅದಕ್ಕೆ ಕಾರಣ ಒಂದು ಆಕರ್ಷಕವಾದ ಸಿದ್ಧಾಂತ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ನಡೆದ ಅವಘಡಗಳನ್ನು ಗ್ರೀನ್‌ವುಡ್ ಮತ್ತು ಹಿಲ್ಡಾ ವುಡ್ಸ್ ಎಂಬಿಬ್ಬರು ಲೆಕ್ಕ ಹಾಕಿ 1919ರಲ್ಲಿ ವರದಿಯೊಪ್ಪಿಸಿದರು: ಕೆಲವೇ ಕೆಲಸಗಾರರಿಗೆ ಮತ್ತೆಮತ್ತೆ ಪೆಟ್ಟು, ಉಳಿದವರಿಗೆ ಅಪರೂಪ. 1926ರಲ್ಲಿ ಫಾರ್ಮರ್ ಮತ್ತು ಚೇಂಬರ್ಸ್ ಇದಕ್ಕೊಂದು ಹೆಸರಿಟ್ಟರು — ಅಪಘಾತಪ್ರವೃತ್ತಿ. ಅಂದರೆ, ಕೆಲವರು ಹುಟ್ಟಿನಿಂದಲೇ ಎಡವುವವರು. ಅವರನ್ನು ಹುಡುಕಿ ಹೊರಗಿಟ್ಟರೆ ಉಳಿದವರು ಕ್ಷೇಮ. ಈ ವಿಚಾರ ಕಾರ್ಖಾನೆಯಿಂದ ರಸ್ತೆಗಿಳಿದು ಹಲವು ದಶಕ ಆಳಿತು. ಅದು ನಮ್ಮೆಲ್ಲರಿಗೂ ಹಿತವಾದ ವಿಚಾರ. ಏಕೆಂದರೆ ಎಡವುವವನು ಯಾವಾಗಲೂ ಪಕ್ಕದ ಮನೆಯವನು. ಆದರೆ ಈ ವರ್ಷ ಪೆಟ್ಟು ತಿಂದವರನ್ನೆಲ್ಲ ರಸ್ತೆಯಿಂದ ತೆಗೆದರೂ ಬರುವ ವರ್ಷದ ಅಪಘಾತಗಳು ಹೆಚ್ಚೇನೂ ಕಡಮೆಯಾಗವೆಂದು ಲೆಕ್ಕದವರು ಕ್ರಮೇಣ ತೋರಿಸಿಕೊಟ್ಟರು. ಮಾಡುವವರು ಹೊಸಬರೇ.

ಕೆಲವರ ಸ್ವಭಾವವನ್ನು ಬಿಟ್ಟು ಎಲ್ಲರ ವಯಸ್ಸನ್ನು ನೋಡತೊಡಗಿದಾಗ ಬೇರೊಂದು ಚಿತ್ರ ಎದ್ದಿತು. ಓಡಿಸಿದ ಮೈಲಿಗಳಿಗೆ ಸಾವಿನ ಅಪಘಾತಗಳನ್ನು ಹೋಲಿಸಿ ರೇಖೆ ಬರೆದರೆ ಅದು ಹರೆಯದಲ್ಲಿ ಎತ್ತರದಲ್ಲಿ ಆರಂಭವಾಗಿ, ಇಪ್ಪತ್ತೈದರ ಹೊತ್ತಿಗೆ ಬಹುಮಟ್ಟಿಗೆ ಇಳಿದು, ನಡುವಯಸ್ಸಿನಲ್ಲೆಲ್ಲ ತಗ್ಗಿನಲ್ಲಿ ಸಾಗಿ, ಎಪ್ಪತ್ತು ದಾಟಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಎರಡು ದಡ, ನಡುವೆ ಕಣಿವೆ. ನಲವತ್ತರ ಮನುಷ್ಯನಾದ ನಾನು ಸದ್ಯ ಕಣಿವೆಯಲ್ಲಿದ್ದೇನೆ. ಅದು ನನ್ನ ಜಾಣತನವೆಂದು ಬಹುಕಾಲ ನಂಬಿದ್ದೆ.

ಹರೆಯದ ದಡದ ಎತ್ತರಕ್ಕೆ ಕಾರಣ ಒಂದಲ್ಲ. ಒಂದು, ಹೊಸತನ. 1972ರಲ್ಲಿ ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬುವರು ಓಡಿಸುವವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ಪರೀಕ್ಷಿಸಿದರು. ಕಲಿತ ಕೈಯವರ ನೋಟ ದೂರಕ್ಕೂ ಅತ್ತಿತ್ತಲೂ ಕನ್ನಡಿಗೂ ಹರಿಯುತ್ತದೆ. ಹೊಸಬರದು ಗಾಡಿಯ ಮುಂದಿನ ನಾಲ್ಕು ಮಾರು ನೆಲಕ್ಕೇ ಅಂಟಿಕೊಂಡಿರುತ್ತದೆ. ಎಳೆಯರ ಕಣ್ಣು ಚುರುಕು, ಕೈ ಚುರುಕು. ಆದರೆ ಎಲ್ಲಿ ನೋಡಬೇಕೆಂಬುದು ಕಣ್ಣಿಗೆ ಸೇರಿದ ವಿದ್ಯೆಯಲ್ಲ. ಲೈಸೆನ್ಸು ಬಂದ ಮೊದಲ ಆರು ತಿಂಗಳಲ್ಲಿಯೇ ಅಪಾಯ ಅತಿ ಹೆಚ್ಚು, ಆಮೇಲೆ ಬೇಗಬೇಗ ಇಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವ. ಇನ್ನೊಂದು, ವಯಸ್ಸೇ. ಅದೇ ಆರು ತಿಂಗಳು ಕಲಿತ ಹದಿನೇಳರವನಿಗೂ ಮೂವತ್ತರವನಿಗೂ ಅಪಾಯ ಒಂದೇ ಅಲ್ಲ. ಮುಂದಾಲೋಚನೆಗೆ, ಹಿಡಿತಕ್ಕೆ ಆಧಾರವಾದ ಮಿದುಳಿನ ಮುಂಭಾಗ ಪಕ್ವವಾಗುವುದು ಇಪ್ಪತ್ತರ ನಡುವಿಗೆ ಎಂದು ಈಚಿನ ವೈದ್ಯವಿಜ್ಞಾನ ಹೇಳುತ್ತದೆ.

ಮೂರನೆಯದು ಜೊತೆಗಾರರು. 2000ದಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಪ್ರಕಟಿಸಿದ ಅಧ್ಯಯನದಲ್ಲಿ, ಹದಿನಾರು-ಹದಿನೇಳರ ಚಾಲಕನೊಡನೆ ಕುಳಿತವರ ಸಂಖ್ಯೆ ಏರಿದಂತೆ ಅವನು ಸಾಯುವ ಸಂಭವವೂ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕಂಡುಬಂತು. ಮೂರನೆಯ ಬೆಂಚಿನ ಹುಡುಗನ ಹಿಂದೆ ಇಬ್ಬರು ಕುಳಿತಿದ್ದರು. ಅವರಿಬ್ಬರೂ ಬದುಕಿಕೊಂಡರು, ಒಬ್ಬ ನನ್ನ ತರಗತಿಯವನೇ. ಏನಾಯಿತೆಂದು ನಾನು ಅವನನ್ನು ಕೇಳಲಿಲ್ಲ. ಒಂದು ದಿನ ಅವನಾಗಿಯೇ ಬಂದು, "ನಾವು ನಗುತ್ತಿದ್ದೆವು ಸಾರ್, ಅಷ್ಟೇ ನೆನಪು" ಎಂದ.

ಇದಕ್ಕೆಲ್ಲ ಮದ್ದು ಯೋಚಿಸಿದವರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪೆಟ್ರೀಷಿಯಾ ವಾಲರ್ ಒಬ್ಬರು. 1970ರ ದಶಕದಲ್ಲೇ ಅವರು ಹೇಳಿದ್ದು ಸರಳವಾದ ಮಾತು: ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೇ ಇಡೀ ರಸ್ತೆಯನ್ನು ಒಪ್ಪಿಸಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಸಿ. ಪೂರ್ಣವಾಗಿ ಆಚರಣೆಗೆ ತಂದ ಮೊದಲ ದೇಶ ನ್ಯೂಜಿಲೆಂಡ್, 1987ರಲ್ಲಿ. ಮೊದಲು ಅನುಭವಿಯೊಬ್ಬರು ಪಕ್ಕದಲ್ಲಿರಬೇಕು. ಆಮೇಲೆ ಒಬ್ಬನೇ ಓಡಿಸಬಹುದು, ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕೂಡದು, ಗೆಳೆಯರನ್ನು ಕೂರಿಸಿಕೊಳ್ಳಕೂಡದು. ಆಮೇಲೆ ಪೂರ್ಣ ಲೈಸೆನ್ಸು. ಎಳೆಯರ ಗಾಯ ಸಾವುಗಳು ಅಲ್ಲಿ ಗಣನೀಯವಾಗಿ ಇಳಿದವು. 1996ರಲ್ಲಿ ಫ್ಲಾರಿಡ, ಅದರ ಹಿಂದೆಯೇ ಅಮೆರಿಕದ ಇತರ ಸಂಸ್ಥಾನಗಳು ಈ ಮಾರ್ಗ ಹಿಡಿದವು. ನಮ್ಮಲ್ಲಿ ಕಲಿಯುವವರ ಲೈಸೆನ್ಸಿನ ಮೇಲೆ ಎರಡೇ ಮೆಟ್ಟಿಲು: ಕೆಂಪು 'ಎಲ್' ಅಕ್ಷರದ ಫಲಕ, ಅದನ್ನು ಕಿತ್ತ ದಿನದಿಂದ ಸರ್ವ ಸ್ವಾತಂತ್ರ್ಯ. ಅರ್ಜುನನು ಉತ್ತರನ ಬೆನ್ನಹಿಂದೆ ನಿಂತ ಹಾಗೆ ನಿಲ್ಲುವವರು ಯಾರೂ ಇಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಎಂದು ಕೇಂದ್ರದ ಸಾರಿಗೆ ಸಚಿವಾಲಯದ ಲೆಕ್ಕ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹದಿನೆಂಟರಿಂದ ನಲವತ್ತೈದರ ನಡುವಿನವರು. ಎರಡು ಗಾಲಿಯ ಮೇಲಿದ್ದವರು ನೂರಕ್ಕೆ ನಲವತ್ತನಾಲ್ಕಕ್ಕೂ ಮೇಲು. ಇದು ಸತ್ತವರ ಎಣಿಕೆಯೇ ಹೊರತು ಯಾವ ವಯಸ್ಸಿನವರು ಎಷ್ಟು ದೂರ ಓಡಿಸಿದರೆಂಬ ಎಣಿಕೆಯಲ್ಲ. ಆದುದರಿಂದ ಮೇಲಿನ ರೇಖೆಯನ್ನು ಇದರ ಮೇಲೆ ಹಾಗೆಯೇ ಹೊಂದಿಸಬಾರದು. ಆದರೂ ನ್ಯಾಯಾಲಯಗಳು ವಯಸ್ಸನ್ನು ಎಣಿಸಲು ಕಲಿತಿವೆ. ಅಪಘಾತದಲ್ಲಿ ಸತ್ತವನ ಕುಟುಂಬಕ್ಕೆ ಪರಿಹಾರ ಗೊತ್ತುಮಾಡುವಾಗ ಅವನ ವರಮಾನವನ್ನು ಯಾವ ಸಂಖ್ಯೆಯಿಂದ ಗುಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2009ರ ಸರಳಾ ವರ್ಮಾ ಪ್ರಕರಣದಲ್ಲಿ ಪಟ್ಟಿ ಹಾಕಿಕೊಟ್ಟಿದೆ. ಇಪ್ಪತ್ತೈದರವರೆಗೆ ಹದಿನೆಂಟು, ನನ್ನ ವಯಸ್ಸಿಗೆ ಹದಿನೈದು, ಅರವತ್ತಾರರ ಮೇಲೆ ಐದು. ಬೆಲೆ ಕಟ್ಟಲಾಗದ್ದಕ್ಕೆ ಬೆಲೆ ಕಟ್ಟಬೇಕಾಗಿ ಬಂದಾಗ ಇದಕ್ಕಿಂತ ನ್ಯಾಯವಾದ ದಾರಿ ನನಗೂ ತೋಚುವುದಿಲ್ಲ. ಆದರೆ ಆ ಪಟ್ಟಿಯನ್ನು ಓದಿದ ದಿನ ಊಟ ಸೇರಲಿಲ್ಲ.

ಇನ್ನು ಆಚೆಯ ದಡ. ಜಪಾನಿನವರು 1972ರಿಂದ ಹೊಸ ಚಾಲಕರ ಕಾರಿಗೆ ಚಿಗುರೆಲೆಯ ಗುರುತನ್ನು ಅಂಟಿಸುತ್ತಾರೆ. 1997ರಲ್ಲಿ ಮುದುಕರ ಕಾರಿಗೆ ಶರತ್ಕಾಲದ ಕೆಂಪಡರಿದ ಎಲೆಯನ್ನು ಅಂಟಿಸಿದರು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆ ನಮ್ಮದು. ಅವರಿಗೂ ಅಂಥದೇನೋ ನೆನಪಾಗಿರಬೇಕು. ಇದೇನು, ಉದುರುವ ಎಲೆಯೆ ನಾವು ಎಂದು ಹಿರಿಯರು ಬೇಸರಪಟ್ಟುಕೊಂಡು, 2011ರಲ್ಲಿ ಗುರುತನ್ನು ನಾಲ್ಕು ದಳದ ಸೊಪ್ಪಿನ ಆಕಾರಕ್ಕೆ ಬದಲಿಸಬೇಕಾಯಿತು. ಲೈಸೆನ್ಸನ್ನು ತಾವಾಗಿಯೇ ಹಿಂದಿರುಗಿಸುವ ಏರ್ಪಾಡು 1998ರಲ್ಲೇ ಅಲ್ಲಿ ಬಂದಿತ್ತು. 2009ರಿಂದ ಎಪ್ಪತ್ತೈದು ದಾಟಿದವರಿಗೆ ನವೀಕರಣದ ಸಮಯದಲ್ಲಿ ನೆನಪು, ತಿಳಿವುಗಳ ಪರೀಕ್ಷೆಯೂ ಬಂತು. 2019ರ ಏಪ್ರಿಲಿನಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ ಎಂಬತ್ತೇಳರ ವೃದ್ಧನ ಕಾರು ಒಬ್ಬ ತಾಯಿಯನ್ನೂ ಅವಳ ಮೂರು ವರ್ಷದ ಮಗಳನ್ನೂ ಕೊಂದಿತು. ಆ ಒಂದು ವರ್ಷದಲ್ಲಿ ಸುಮಾರು ಆರು ಲಕ್ಷ ಮಂದಿ ತಮ್ಮ ಲೈಸೆನ್ಸುಗಳನ್ನು ತಂದೊಪ್ಪಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ರಾಣಿಯ ಗಂಡ ಫಿಲಿಪ್, ತೊಂಬತ್ತೇಳರ ವಯಸ್ಸಿನಲ್ಲಿ ಕಾರು ಮಗುಚಿಸಿಕೊಂಡು, ಮರುತಿಂಗಳು ಲೈಸೆನ್ಸನ್ನು ಬಿಟ್ಟುಕೊಟ್ಟರು.

ಮುದುಕರೆಂದರೆ ಊರಿಗೆಲ್ಲ ಅಪಾಯವೆಂದು ಇದರಿಂದ ತಿಳಿಯಬೇಕಾಗಿಲ್ಲ. 2003ರಲ್ಲಿ ಲಿ, ಬ್ರೇವರ್, ಚೆನ್ ಎಂಬ ಮೂವರು ಈ ಲೆಕ್ಕವನ್ನು ಬಿಡಿಸಿ ನೋಡಿದರು: ವೃದ್ಧ ಚಾಲಕರ ಹೆಚ್ಚಿನ ಸಾವಿಗೆ ಮುಖ್ಯ ಕಾರಣ ಅವರು ಹೆಚ್ಚು ಡಿಕ್ಕಿ ಹೊಡೆಯುವುದಲ್ಲ, ಅದೇ ಡಿಕ್ಕಿಯನ್ನು ಅವರ ಮೂಳೆ ಎದೆಗಳು ತಾಳಲಾರದಿರುವುದು. ತರುಣನು ಇತರರನ್ನೂ ಜೊತೆಗೊಯ್ಯುತ್ತಾನೆ. ಮುದುಕನು ಹೆಚ್ಚಾಗಿ ತಾನೇ ಹೋಗುತ್ತಾನೆ. ಅವರ ತೊಡಕೆಲ್ಲ ಕೂಡುರಸ್ತೆಗಳಲ್ಲಿ. ನಾಲ್ಕು ದಿಕ್ಕಿನಿಂದ ಬರುವುದನ್ನು ಒಂದೇ ಕ್ಷಣದಲ್ಲಿ ತೂಗಬೇಕಾದಲ್ಲಿ.

ನಮ್ಮ ತಂದೆಯವರಿಗೆ ಎಪ್ಪತ್ತಾರು. ನಾನು ಹುಟ್ಟಿದ ಮೇಲೆ ಕೊಂಡ ಚೇತಕ್ ಸ್ಕೂಟರನ್ನು ಹೋದ ವರ್ಷದವರೆಗೂ ಓಡಿಸುತ್ತಿದ್ದರು. ಈಗಿನ ನಿಯಮದಂತೆ ಐವತ್ತೈದು ದಾಟಿದವರ ಲೈಸೆನ್ಸು ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಅದೂ ಆಗಿತ್ತು. ಒಂದು ಸಂಜೆ ತರಕಾರಿ ಚೀಲವಿಲ್ಲದೆ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಳಿತರು. ವೃತ್ತದಲ್ಲಿ ಬಲಗಡೆಯಿಂದ ಬಂದ ಸೈಕಲ್ಲಿನ ಹುಡುಗಿಯೊಬ್ಬಳನ್ನು ಅವರು ಕಂಡಿರಲಿಲ್ಲವಂತೆ. ಅವಳೇ ಪಕ್ಕಕ್ಕೆ ಹೊರಳಿಸಿ ಉಳಿದುಕೊಂಡಳು. "ಡಾಕ್ಟರು ಕಣ್ಣು ನೋಡಿದ ಕಣಪ್ಪ, ಕತ್ತು ನೋಡಲಿಲ್ಲ" ಎಂದರು. ನಿಜ, ಅವರ ಕತ್ತು ಬಲಕ್ಕೆ ತಿರುಗುವುದು ಕಡಮೆಯಾಗಿ ಎಷ್ಟೋ ಕಾಲವಾಗಿತ್ತು. ಪಂಕ್ತಿಯಲ್ಲಿ ಬಲಗಡೆ ಕುಳಿತವರೊಡನೆ ಮಾತನಾಡಲು ಮೈಯನ್ನೇ ತಿರುಗಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ನೋಡಿದ್ದೆವು, ಯಾರೂ ಸ್ಕೂಟರಿನೊಡನೆ ಸೇರಿಸಿ ಯೋಚಿಸಿರಲಿಲ್ಲ. ಕೀಲಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ದೇವರ ಕೋಣೆಯ ಗೂಡಿನಲ್ಲಿಟ್ಟರು. ಈಗ ಬಸ್ಸಿನಲ್ಲಿ ಓಡಾಡುತ್ತಾರೆ, ಬಸ್ಸುಗಳನ್ನು ಬೈಯುತ್ತಾರೆ.

ನನ್ನ ಮಗನಿಗೆ ಹದಿನೇಳೂವರೆ. ಆ ಗೂಡು ಅವನಿಗೂ ಗೊತ್ತು. ಮೊನ್ನೆ ಊಟದ ಸಮಯದಲ್ಲಿ, "ತಾತ, ಹಳೇ ಗಾಡಿ ಸುಮ್ಮನೆ ತುಕ್ಕು ಹಿಡಿಯುತ್ತೆ, ಕಾಂಪೌಂಡ್ ಒಳಗಾದರೂ ಓಡಿಸಲಾ?" ಎಂದು ಕೇಳಿದ. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ತಂದೆಯವರು ಮೈಯನ್ನು ಪೂರ್ತಿ ಅವನ ಕಡೆಗೆ ತಿರುಗಿಸಿ, "ಇನ್ನು ಆರು ತಿಂಗಳು ತಡಿ. ಆಮೇಲೆ ಮುಂದೆ ನೀನು ಕೂತ್ಕೋ, ಹಿಂದೆ ನಾನು ಕೂರ್ತೀನಿ" ಎಂದರು. ಗೆಳೆಯರು ನೋಡಿದರೆ ಏನೆಂದಾರೋ ಎಂದು ಅವನು ಗೊಣಗಿದ. ಅಷ್ಟರಲ್ಲಿ ಮಜ್ಜಿಗೆ ಬಂತು.